ಪೊಟ್ಟಣದ ಮೇಲಿನ ಮಾಮಿ

ಶನಿವಾರ ಬೆಳಿಗ್ಗೆ ಕಾಫಿ ಲೋಟದ ಪಕ್ಕದಲ್ಲಿ ಸಾರಿನ ಪುಡಿಯ ಪೊಟ್ಟಣವನ್ನು ಇಟ್ಟದ್ದೇ ಹರಿದಾಸ ಮಾಡಿದ ತಪ್ಪು. ಅದನ್ನು ಚೀಲದಿಂದ ತೆಗೆಯದೇ ಇದ್ದಿದ್ದರೆ ಅವತ್ತಿನ ದಿನವೂ ಉಳಿದ ಶನಿವಾರಗಳ ಹಾಗೆ ಸ್ನಾನ, ಪೇಪರು, ಮಧ್ಯಾಹ್ನದ ನಿದ್ದೆ ಎಂದು ಸದ್ದಿಲ್ಲದೆ ಕಳೆದುಹೋಗುತ್ತಿತ್ತು.

ಹರಿದಾಸನದು ಮೂರು ತಲೆಮಾರಿನಿಂದ ಮದರಾಸಿನಲ್ಲಿ ಬೇರುಬಿಟ್ಟ ಮನೆತನ. ಮಾತು ಕನ್ನಡ, ಬೈಗುಳ ತಮಿಳು, ಲೆಕ್ಕ ಇಂಗ್ಲಿಷು. ಕ್ರೋಂಪೇಟೆಯ ‘ಅರುಣೋದಯ’ ಸೂಪರ್ ಮಾರ್ಕೆಟ್ಟಿನ ಹೆಡ್ಡಾಫೀಸಿನಲ್ಲಿ ಅವನಿಗೆ ಕೆಲಸ. ಆ ಅಂಗಡಿಯವರು ತಮ್ಮದೇ ಹೆಸರಿನಲ್ಲಿ ಬೇಳೆ, ರವೆ, ಹಪ್ಪಳ, ಉಪ್ಪಿನಕಾಯಿ ಮಾರುತ್ತಿದ್ದರು. ಅವುಗಳ ಪೊಟ್ಟಣದ ಬಣ್ಣ ಕಣ್ಣು ಸೆಳೆಯುತ್ತದೋ ಇಲ್ಲ ಕಣ್ಣು ಚುಚ್ಚುತ್ತದೋ, ಅಕ್ಷರ ಕನ್ನಡಕವಿಲ್ಲದೆ ಓದಲು ಬರುತ್ತದೋ, ಕೊಳ್ಳುವವರ ಕೈ ತಾನಾಗಿ ಅದರ ಕಡೆಗೆ ಹೋಗುತ್ತದೋ ಎಂದು ಪರೀಕ್ಷಿಸಿ ಹೇಳುವುದು ಅವನ ಉದ್ಯೋಗ. ಒಳಗಿನ ಪದಾರ್ಥದ ಗೊಡವೆ ಅವನಿಗಿರಲಿಲ್ಲ. ಹೊರಗಿನ ಚರ್ಮ ನೋಡಿ ಜಾತಕ ಹೇಳುವ ಜ್ಯೋತಿಷಿ ಅವನು.

ಹಿಂದಿನ ಸಲ ಅವನ ಜ್ಯೋತಿಷ ಕೈಕೊಟ್ಟಿತ್ತು. ನಿಂಬೆಕಾಯಿ ಉಪ್ಪಿನಕಾಯಿಗೆ ಒಂದು ತಿಳಿಹಸಿರು ಬಾಟಲಿ, ಅದರ ಮೇಲೆ ಫಳಫಳ ಹೊಳೆಯುವ ನಿಂಬೆಹಣ್ಣಿನ ಚಿತ್ರ. ‘ಬಹಳ ತಾಜಾ ಅನ್ನಿಸುತ್ತದೆ’ ಎಂದು ಹರಿದಾಸ ಒಪ್ಪಿಗೆ ಹಾಕಿದ್ದ. ಅಂಗಡಿಯ ಹುಡುಗರು ಅದನ್ನು ನೋಡಿದ ಕೂಡಲೇ ಪಾತ್ರೆ ತೊಳೆಯುವ ಸೋಪಿನ ಸಾಲಿನಲ್ಲಿ ಜೋಡಿಸಿಟ್ಟರು. ಮಾಧವರಂನ ಒಬ್ಬ ಗೃಹಿಣಿ ಅದರಲ್ಲಿ ಕುಕ್ಕರ್ ಉಜ್ಜಿ, ನೊರೆಯೇ ಬರುವುದಿಲ್ಲ ಎಂದು ದೂರು ಕೊಟ್ಟಳು. ಕುಕ್ಕರ್ ಮಾತ್ರ ಹೊಸದರ ಹಾಗೆ ಆಗಿದೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಳು ಕೂಡ.

ಅಂಗಡಿಯ ಮಾಲೀಕ ರೇವಣಸಿದ್ದಪ್ಪನವರು ದಾವಣಗೆರೆ ಕಡೆಯಿಂದ ಬಂದು ಚೆನ್ನೈಯಲ್ಲಿ ಬೆಳೆದ ವರ್ತಕರು. ದೂರು ಕೇಳಿ ಅವರು ಹರಿದಾಸನನ್ನು ಕರೆಸಿ ತಣ್ಣಗೆ ಹೇಳಿದ್ದರು: “ಹರಿದಾಸ ಅವರ, ಇನ್ನೊಂದು ಸಲ ಹಿಂಗಾತಂದ್ರ ನಿಮ್ಮನ್ನ ಮಣಲಿ ಗೋಡೌನಿಗೆ ಕಳಸ್ತೀನಿ ನೋಡ್ರಿ. ಅಲ್ಲಿ ಮೂಟಿ ಎಣಸ್ಕೊಂಡು ಆರಾಮ ಇರಬಹುದು.”

ಮಣಲಿ ಎಂದರೆ ಊರಿನ ಇನ್ನೊಂದು ತುದಿ. ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಗಳ ಊರು. ಅಲ್ಲಿಗೆ ಹೋಗಿಬಂದರೆ ಅಂಗಿಯನ್ನು ಎರಡು ಸಲ ಒಗೆದರೂ ಸೀಮೆಎಣ್ಣೆ ವಾಸನೆ ಹೋಗುವುದಿಲ್ಲ ಎಂದು ಆಫೀಸಿನಲ್ಲಿ ಹೇಳುತ್ತಿದ್ದರು.

ಹೀಗಿರುವಾಗ ಈ ಸಾರಿನ ಪುಡಿ ಬಂತು. ಪೊಟ್ಟಣದ ಮೇಲೆ ತಮಿಳಿನಲ್ಲಿ ‘ಪಾಟಿ ಕೈಮಣಂ’, ಅಜ್ಜಿಯ ಕೈಯ ಘಮ ಎಂದು ಬರೆದಿತ್ತು. ಅದರ ಕೆಳಗೆ ಬಾಯ್ತುಂಬ ನಗುವ ಒಬ್ಬ ಅಜ್ಜಿಯ ಚಿತ್ರ. ಅದನ್ನು ಮಾಡಿದವನು ಬೇರೆ ಯಾರೂ ಅಲ್ಲ, ಡಿಸೈನ್ ಓದಿಕೊಂಡು ಆಗಷ್ಟೇ ಬಂದಿದ್ದ ಮಾಲೀಕರ ಮಗ ಸಿದ್ಧಲಿಂಗೇಶ್.

“ನಮ್ಮ ಸಿದ್ದು ಮಾಡ್ಯಾನ ಅಂತ ನೀವು ಸಂಕೋಚ ಪಡಬ್ಯಾಡ್ರಿ,” ಎಂದಿದ್ದರು ರೇವಣಸಿದ್ದಪ್ಪ. “ಅವನ ಮಾರಿ ನೋಡಿ ಹೇಳಬ್ಯಾಡ್ರಿ, ಜನರ ಮಾರಿ ನೋಡಿ ಹೇಳ್ರಿ. ನಾಕು ಮನೀಗೆ ತೋರ್ಸಿ, ಶನಿವಾರ ಸಂಜಿಗೆ ಬಂದು ನನಗ ಹೇಳ್ರಿ.”

ಆ ನಾಲ್ಕು ಮನೆಯನ್ನು ತಾನಿರುವ ಹಯವದನ ಫ್ಲ್ಯಾಟ್ಸಿನಲ್ಲೇ ಮುಗಿಸಿಬಿಡೋಣ ಎಂದು ಹರಿದಾಸ ಪೊಟ್ಟಣವನ್ನು ಮನೆಗೆ ತಂದಿದ್ದ.

ಮೊದಲು ಅದನ್ನು ನೋಡಿದವಳು ಮಗಳು ವೃಂದಾ. ಅವಳು ಹತ್ತಿರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ಪದ್ಧತಿ. ಆದರೆ ಅವತ್ತು ಕೇಳದೆಯೇ ಕಿರುಚಿದಳು.

“ಅಪ್ಪಾ! ಇದು ನಮ್ಮ ಗೋದಾ ಪಾಟಿ ದಾನೆ? ಅಪ್ಪಡಿಯೇ ಇರುಕ್ಕಾ!”

ಥೇಟ್ ಹಾಗೇ ಎಂದರೆ ಹೇಗೆ ಎಂದು ಹರಿದಾಸ ಪೊಟ್ಟಣ ತೆಗೆದು ಕಣ್ಣಿನ ಹತ್ತಿರ ಹಿಡಿದ. ಅವನು ಅಕ್ಷರದ ಗಾತ್ರ ನೋಡಿದ್ದ, ಕೆಂಪು ಬಣ್ಣದ ಹದ ನೋಡಿದ್ದ, ಸಸ್ಯಾಹಾರದ ಹಸಿರು ಬೊಟ್ಟು ಸರಿಯಾದ ಮೂಲೆಯಲ್ಲಿದೆಯೇ ಎಂದು ನೋಡಿದ್ದ. ಅಜ್ಜಿಯ ಮುಖವನ್ನು ಮಾತ್ರ ಮುಖ ಎಂದು ನೋಡಿರಲಿಲ್ಲ. ಈಗ ನೋಡಿದರೆ ಅದೇ ದುಂಡು ಮೂಗು, ಅದೇ ಗಲ್ಲದ ಮಚ್ಚೆ, ಅದೇ ಕಿವಿಯೋಲೆ. ಮೂರನೇ ಮಹಡಿಯ ಗೋದಾಬಾಯಿ ಪೊಟ್ಟಣದ ಒಳಗಿಂದ ಕಿಟಕಿ ತೆರೆದು ನೋಡಿದ ಹಾಗಿತ್ತು.

ತಾಯಿ ಭೀಮಾಬಾಯಿ ಅಡುಗೆಮನೆಯಿಂದ ಬಂದು ಕನ್ನಡಕ ಏರಿಸಿದರು. “ಏನೋ ಹರಿ ಇದು? ಈ ಗೋದಿ ಯಾಕೆ ಸಾರಿನ ಪುಡಿ ಮೇಲೆ ಕೂತಿದಾಳೆ?”

“ಅಮ್ಮಾ, ಅದು ಗೋದಾ ಮಾಮಿ ಅಲ್ಲ. ಕಂಪ್ಯೂಟರ್ ಮಾಡಿದ ಮುಖವಂತೆ.”

“ಕಂಪ್ಯೂಟರಿಗೆ ಇವಳೇ ಸಿಕ್ಕಿದಳಾ? ಅದೂ ಸಾರಿಗೆ?”

ಹೆಂಡತಿ ರಂಜನಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಾ ಒಳಗೆ ಓಡಿದಳು. ಅವಳು ನಗುವುದಕ್ಕೆ ಕಾರಣವಿತ್ತು. ಗೋದಾಬಾಯಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಒಳ್ಳೆಯವರು, ಕಷ್ಟಕ್ಕೆ ಮೊದಲು ಓಡಿಬರುವವರು. ಆದರೆ ಅವರ ಸಾರು! ಹುಣಸೆಹಣ್ಣು ಹಿಡಿಗಟ್ಟಲೆ, ಮೆಣಸಿನಕಾಯಿ ಸೇಡು ತೀರಿಸಿಕೊಳ್ಳುವ ಹಾಗೆ, ಇಂಗು ಗೋಡೆಗೆ ಗಾರೆ ಮೆತ್ತಿದ ಹಾಗೆ. ರಾಮನವಮಿಯ ಊಟದಲ್ಲಿ ಅವರು ಎರಡನೇ ಸಲ ಸಾರು ಬಡಿಸಲು ಬಂದಾಗ ಪುರೋಹಿತರು ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು, ಸಾಲದೆ ಅದರ ಮೇಲೆ ತಲೆಯನ್ನೂ ಬಗ್ಗಿಸಿದ್ದರು.

ಅಷ್ಟರಲ್ಲಿ ಹರಿದಾಸನ ಫೋನು ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ವೃಂದಾ ಪೊಟ್ಟಣದ ಫೋಟೋ ತೆಗೆದು ಫ್ಲ್ಯಾಟ್ಸಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದಳು. ಅವನು ನಾಲ್ಕು ಮನೆ ಹತ್ತಿ ಇಳಿದು ಕೇಳಬೇಕೆಂದಿದ್ದ ಅಭಿಪ್ರಾಯ ಈಗ ಕುಳಿತಲ್ಲಿಗೇ ಬರುತ್ತಿತ್ತು. ‘ಪೊಟ್ಟಣ ಚೆನ್ನಾಗಿದೆ, ಮುಖ ನೋಡಿ ಹೊಟ್ಟೆ ಉರಿಯಿತು.’ ‘ಒಂದು ಪೊಟ್ಟಣಕ್ಕೆ ಒಂದು ಆ್ಯಂಬುಲೆನ್ಸ್ ಉಚಿತವೋ?’ ‘ನಾವು ಇನ್ನು ಮೇಲೆ ಮಜ್ಜಿಗೆ ಅನ್ನವೇ ತಿನ್ನುತ್ತೇವೆ.’

“ಏನೇ ಮಾಡಿದ್ದೀ ಇದು?” ಎಂದು ಹರಿದಾಸ ಮಗಳ ಮೇಲೆ ರೇಗಿದ.

“ಶುಮ್ಮಾ ಜಾಲಿಗೆ ಹಾಕಿದೆ ಪಾ. ಗೋದಾ ಪಾಟಿ ಗ್ರೂಪ್‌ನಲ್ಲಿ ಇಲ್ಲವೇ ಇಲ್ಲ.”

ಗೋದಾಬಾಯಿ ಇರಲಿಲ್ಲ, ಸರಿ. ಆದರೆ ನಾಗರಾಜ ಇದ್ದರು. ಹೈಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ನಾಗರಾಜ ಫ್ಲ್ಯಾಟ್ಸಿನ ಕಾರ್ಯದರ್ಶಿ. ಯಾರ ಮನೆಯ ನಲ್ಲಿ ಸೋರಿದರೂ ಅದರಲ್ಲಿ ಒಂದು ಕಾನೂನಿನ ಅಂಶ ಕಾಣುವ ಕಣ್ಣು ಅವರದು. ಕಾಫಿ ಆರುವುದರೊಳಗೆ ಬಾಗಿಲಲ್ಲಿ ನಿಂತಿದ್ದರು.

“ಹರಿದಾಸ್, ಕೂತ್ಕೊಳ್ಳಿ. ನಿಂತು ಕೇಳೋ ವಿಷಯ ಅಲ್ಲ ಇದು.”

ಹರಿದಾಸ ಕೂತ.

“ಒಬ್ಬ ಮರ್ಯಾದಸ್ಥ ಹೆಂಗಸಿನ ಮುಖ. ಆಕೆಯ ಒಪ್ಪಿಗೆ ಇಲ್ಲ, ಸಹಿ ಇಲ್ಲ. ವ್ಯಾಪಾರಕ್ಕೆ ಉಪಯೋಗ. ಸಿವಿಲ್ಲೂ ಆಗತ್ತೆ, ಕ್ರಿಮಿನಲ್ಲೂ ಆಗತ್ತೆ.”

“ಸಾರ್, ಮಾಡಿದ್ದು ನಮ್ಮ ಮಾಲೀಕರ ಮಗ. ಕೇಸು ಹಾಕಿದರೂ ನನ್ನ ಮೇಲೆ ಹೇಗೆ ಹಾಕ್ತಾರೆ?”

“ಪೊಟ್ಟಣ ಈಗ ಯಾರ ಕೈಲಿದೆ?”

ಹರಿದಾಸ ಕೈ ನೋಡಿಕೊಂಡ. ಬಿಸಿ ಬಾಣಲೆ ಬಿಟ್ಟ ಹಾಗೆ ಪೊಟ್ಟಣವನ್ನು ಮೇಜಿನ ಮೇಲೆ ಹಾಕಿದ.

“ಈಗ ಯಾರ ಮನೇಲಿದೆ?” ಎಂದರು ನಾಗರಾಜ.

ಹರಿದಾಸ ಪೊಟ್ಟಣದ ಮೇಲೆ ಪೇಪರು ಮುಚ್ಚಿದ. “ಮಾಮಿಗೆ ಇನ್ನೂ ಗೊತ್ತಿಲ್ಲವಲ್ಲ ಸಾರ್. ಸಂಜೆಯೊಳಗೆ ಈ ಡಿಸೈನ್ ಬೇಡ ಅಂತ ಹೇಳಿ ನಿಲ್ಲಿಸಿಬಿಡ್ತೀನಿ.”

“ಗೊತ್ತಿಲ್ಲದೆ ಏನು? ಕಾರ್ಯದರ್ಶಿಯಾಗಿ ತಿಳಿಸೋದು ನನ್ನ ಕರ್ತವ್ಯ. ಈಗ ತಾನೇ ಫೋನ್ ಮಾಡಿ ಹೇಳಿ ಬಂದೆ. ಹರಿದಾಸನನ್ನ ಮೇಲೆ ಕಳಿಸಿ ಅಂದ್ರು.”

ಮೂರನೇ ಮಹಡಿಗೆ ಲಿಫ್ಟಿತ್ತು. ಹರಿದಾಸ ಮೆಟ್ಟಿಲು ಹತ್ತಿ ಹೋದ. ಎಷ್ಟು ನಿಧಾನವಾಗಿ ಹೋದರೆ ಅಷ್ಟು ಒಳ್ಳೆಯದು ಎಂದು ಅವನ ಲೆಕ್ಕ. ಗೋದಾಬಾಯಿ ಬಾಗಿಲು ತೆರೆದೇ ಇಟ್ಟಿದ್ದರು. ರೇಷ್ಮೆ ಸೀರೆ ಉಟ್ಟಿದ್ದರು. ಕೋರ್ಟಿಗೆ ಹೊರಟು ನಿಂತಿದ್ದಾರೆ ಎಂದೇ ಹರಿದಾಸ ತಿಳಿದ.

“ಮಾಮಿ, ನನ್ನದೇನೂ ತಪ್ಪಿಲ್ಲ—”

“ಶುಮ್ಮಾ ಇರು. ಎಲ್ಲಿ, ಕೊಡು ಅದನ್ನ.”

ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಒಯ್ದು ಅವರು ಬಹಳ ಹೊತ್ತು ನೋಡಿದರು. ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. ಹರಿದಾಸ ಇಷ್ಟದೇವತೆಯ ಹೆಸರು ಹೇಳಿಕೊಳ್ಳುತ್ತಿದ್ದ.

“ಹಲ್ಲಿನ ಸೆಟ್ಟು ಚೆನ್ನಾಗಿ ಬಂದಿದೆ,” ಎಂದರು ಗೋದಾಬಾಯಿ.

“ಏನು ಮಾಮಿ?”

“ಎಕ್ಸ್‌ಚೇಂಜಿನಲ್ಲಿದ್ದಾಗ ಊರಿಗೆಲ್ಲ ನನ್ನ ಧ್ವನಿ ಗೊತ್ತಿತ್ತು ಹರಿ. ‘ನಂಬರ್ ಪ್ಲೀಸ್’ ಅಂದ್ರೆ ಸಾಕು, ಎಷ್ಟೋ ಜನ ಎರಡು ಮಾತು ಆಡಿಯೇ ನಂಬರ್ ಹೇಳೋರು. ಆದರೆ ಎದುರಿಗೆ ಬಂದರೆ ಒಬ್ಬರಿಗೂ ಗುರುತಿಲ್ಲ. ಬಸ್ಸಿನಲ್ಲಿ ಕಾಲು ತುಳಿದುಕೊಂಡು ಹೋಗೋರು. ಈಗ ನೋಡು, ಈ ಮುಖ ಅಂಗಡೀಲಿ ಸಾಲಾಗಿ ನಿಲ್ಲತ್ತೆ. ಜನ ಕೈ ಚಾಚಿ ಮನೆಗೆ ಕರಕೊಂಡು ಹೋಗ್ತಾರೆ. ಬೇಡ ಅನ್ಲಾ ನಾನು?”

ಹರಿದಾಸನಿಗೆ ಜೀವ ಬಂತು. “ಹಾಗಾದ್ರೆ ಕೇಸು?”

“ಕೇಸು ಎಂಥದು? ಅದೆಲ್ಲ ನಾಗರಾಜನ ಅಧಿಕಪ್ರಸಂಗ. ಆದರೆ ಒಂದು ಮಾತು.” ಗೋದಾಬಾಯಿ ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. “ಒಳಗಿರೋ ಪುಡಿ ಯಾರದು?”

“ಮಣಲಿ ಗೋಡೌನಿನಲ್ಲೇ ತಯಾರಾಗತ್ತೆ, ಮಿಷನ್ನಿನಲ್ಲಿ.”

“ಮುಖ ನನ್ನದು, ಪುಡಿ ಮಿಷನ್ನಿನದು! ಜನ ನಂಬಿ ತಗೊಂಡು ಹೋಗಿ ಸಾರು ಮಾಡಿ, ಚೆನ್ನಾಗಿಲ್ಲ ಅಂದ್ರೆ ಯಾರನ್ನ ಬೈತಾರೆ? ಆಗಲ್ಲ. ನನ್ನ ಮುಖ ಇದ್ದರೆ ಒಳಗೆ ನನ್ನ ಪುಡಿಯೇ ಇರಬೇಕು. ಬಾ, ರುಚಿ ನೋಡು. ಆಮೇಲೆ ನಿಮ್ಮ ಮಾಲೀಕರಿಗೆ ನೀನೇ ಹೇಳು.”

ಬೇಡ ಎನ್ನುವಷ್ಟರಲ್ಲಿ ಬೆಳ್ಳಿಯ ಲೋಟದಲ್ಲಿ ಸಾರು ಬಂತು. ಹರಿದಾಸ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಇಳಿಸಿದ. ಗಂಟಲಿನಿಂದ ಹೊಕ್ಕುಳಿನವರೆಗೆ ಯಾರೋ ಪಂಜು ಹಿಡಿದು ಓಡಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು.

“ಹೇಗಿದೆ?”

“ಚೆನ್ನಾಗಿದೆ ಮಾಮಿ,” ಎಂದ. ಬೇರೆ ಏನು ಹೇಳಲೂ ಧೈರ್ಯವಿರಲಿಲ್ಲ, ಧ್ವನಿಯೂ ಇರಲಿಲ್ಲ.

ಗೋದಾಬಾಯಿಯ ಮುಖ ಅರಳಿತು. ಈ ಮಾತನ್ನು ಅವರಿಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. “ಕಣ್ಣಲ್ಲಿ ನೀರು ಹಾಕ್ಕೊಂಡುಬಿಟ್ಟೆಯಲ್ಲೋ,” ಎಂದು ಮತ್ತೊಂದು ಲೋಟ ತುಂಬಿಸಿದರು. “ಇನ್ನೊಂದು ಕುಡಿ. ಸಂಜೆ ನಾನೂ ನಿನ್ನ ಜೊತೆ ಆಫೀಸಿಗೆ ಬರ್ತೀನಿ.”

ಹರಿದಾಸ ತುಟಿ ಒರೆಸಿಕೊಳ್ಳುತ್ತಾ ಕೆಳಗೆ ಬಂದ. ಭೀಮಾಬಾಯಿ ಬಾಗಿಲಲ್ಲೇ ನಿಂತಿದ್ದರು. ಮಗನ ಅಂಗಿಯ ಮೇಲೆ ಬಿದ್ದಿದ್ದ ಒಂದು ಹನಿಯನ್ನು ನೋಡಿದರು. ಆ ಇಂಗಿನ ವಾಸನೆಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

“ಅವಳ ಮನೇಲಿ ಸಾರು ಕುಡಿದು ಬಂದ್ಯಾ?”

“ಒಂದು ಸ್ವಲ್ಪ, ಆಫೀಸಿನ ವಿಷಯಕ್ಕೆ.”

“ಚೆನ್ನಾಗಿದೆ ಅಂದ್ಯಾ?”

ಹರಿದಾಸ ಆ ಹನಿಯನ್ನು ಉಗುರಿನಿಂದ ಕೆರೆಯತೊಡಗಿದ.

ಭೀಮಾಬಾಯಿ ಒಳಗೆ ಹೋಗಿ ತಮ್ಮ ಮಣೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತರು. “ಊರಿನ ಪೊಟ್ಟಣ ಎಲ್ಲ ನೋಡಿ ಇದು ಚೆನ್ನಾಗಿದೆ, ಅದು ಚೆನ್ನಾಗಿಲ್ಲ ಅಂತ ಹೇಳೋದೇ ನಿನ್ನ ಕೆಲಸ. ನಿನಗೆ ಹಲ್ಲು ಬಂದಾಗಿನಿಂದ ಸಾರು ಮಾಡಿ ಹಾಕ್ತಿದೀನಿ. ಒಂದು ದಿನ, ಒಂದೇ ಒಂದು ದಿನ, ಅಮ್ಮಾ ಇದು ಚೆನ್ನಾಗಿದೆ ಅಂದಿದೀಯಾ?”

“ದಿನಾ ಕುಡೀತೀನಲ್ಲಮ್ಮಾ. ಚೆನ್ನಾಗಿಲ್ಲದೆ ಕುಡೀತೀನಾ?”

“ಹಸುವೂ ದಿನಾ ಕಲಗಚ್ಚು ಕುಡಿಯತ್ತೆ.”

ಹರಿದಾಸನಿಗೆ ಆ ಮಾತು ಗೋದಾಬಾಯಿಯ ಸಾರಿಗಿಂತ ಆಳಕ್ಕೆ ಹೋಗಿ ಸುಟ್ಟಿತು. ನಿಜವೇ. ಯಾವ ಯಾವುದೋ ಪೊಟ್ಟಣದ ಮೂಲೆ ದುಂಡಗಿರುವುದಕ್ಕೆ ಅವನು ಗಂಟೆಗಟ್ಟಲೆ ಹೊಗಳಿಕೆ ಬರೆದಿದ್ದ. ಅಮ್ಮನ ಸಾರನ್ನು ಪೇಪರ್ ಓದುತ್ತಾ ಅನ್ನಕ್ಕೆ ಕಲಸಿದ್ದ. ತಾಯಿಯ ಪಕ್ಕದಲ್ಲಿ ಕೂತು, “ಬಡಿಸಮ್ಮಾ, ಇವತ್ತು ಬರೀ ಸಾರೇ ಕುಡೀತೀನಿ,” ಎಂದ. ಮೊದಲ ಲೋಟ ಕುಡಿದು, “ಚೆನ್ನಾಗಿದೆ ಅಮ್ಮಾ. ತುಂಬಾ ಚೆನ್ನಾಗಿದೆ,” ಎಂದ. ಅದು ಮನಸ್ಸಿನಿಂದ ಬಂದ ಮಾತು. ಭೀಮಾಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪ್ರೀತಿ ಉಕ್ಕಿ ಇಡೀ ಪಾತ್ರೆಯನ್ನೇ ಅವನ ಮುಂದೆ ಇಟ್ಟರು. ಕಾಳುಮೆಣಸಿನ ಸಾರು ಅದು.

ಅವನು ಪಾತ್ರೆಯ ತಳ ಕಾಣುವ ಹೊತ್ತಿಗೆ ರಂಜನಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನೂಂದ್ರೆ, ಅಮ್ಮಂದಾಯ್ತು, ಮಾಮೀದಾಯ್ತು. ನಾನು ಬೆಳಿಗ್ಗೆಯಿಂದ ಟೊಮೇಟೊ ಸಾರು ಮಾಡಿಟ್ಕೊಂಡು ಕೂತಿದೀನಿ. ನನ್ನದೇನು ಸಾರಲ್ವಾ?”

ಗೃಹಶಾಂತಿಗಾಗಿ ಹರಿದಾಸ ಅದನ್ನೂ ಕುಡಿದ. ಮಧ್ಯಾಹ್ನದ ನಿದ್ದೆಗೆ ಮಲಗಿದಾಗ ಮಗ್ಗುಲು ಬದಲಿಸಿದರೆ ಹೊಟ್ಟೆಯಲ್ಲಿ ತುಂಬಿದ ಕೊಡ ಅಲ್ಲಾಡಿದ ಹಾಗೆ ಬುಳಕ್ ಎನ್ನುತ್ತಿತ್ತು. ನಾಲ್ಕು ಗಂಟೆಗೆಲ್ಲ ಹೊಟ್ಟೆಯಲ್ಲಿ ಮೂರು ಸಾರುಗಳ ನಡುವೆ ಜಗಳ ಶುರುವಾಯಿತು.

ಗೋದಾಬಾಯಿ ಹೇಳಿದ ಹಾಗೆಯೇ ರೇಷ್ಮೆ ಸೀರೆಯಲ್ಲಿ ಕೆಳಗಿಳಿದು ಬಂದರು, ಮುಡಿಯಲ್ಲಿ ಮಲ್ಲಿಗೆ ಬೇರೆ. ಆಟೋ ಹತ್ತಿದರು. ಜಿ.ಎಸ್.ಟಿ. ರಸ್ತೆಯ ಒಂದೊಂದು ಹಳ್ಳಕ್ಕೂ ಹರಿದಾಸ ‘ಹಾ’ ಎಂದು ಬಾಗುತ್ತಿದ್ದ. ಮಾಮಿ ಅದನ್ನು ಗಮನಿಸಲಿಲ್ಲ. ಅಂಗಡಿಯ ಕಪಾಟಿನಲ್ಲಿ ತಮ್ಮನ್ನು ಯಾವ ಎತ್ತರದಲ್ಲಿ ಇಟ್ಟರೆ ಚೆಂದ ಎಂದು ಕೇಳುತ್ತಿದ್ದರು.

ರೇವಣಸಿದ್ದಪ್ಪನವರ ಕೋಣೆಯಲ್ಲಿ ಮಗ ಸಿದ್ಧಲಿಂಗೇಶನೂ ಕೂತಿದ್ದ. ಮೇಜಿನ ಮೇಲೆ ಹೊಸ ಹೊಸ ಮಾದರಿಗಳು ಹರಡಿದ್ದವು. ಹರಿದಾಸನ ಹಿಂದೆ ಒಳಬಂದ ಗೋದಾಬಾಯಿಯನ್ನು ನೋಡಿದ ಕೂಡಲೇ ಮಾಲೀಕರು ಅರ್ಧ ಎದ್ದು ನಿಂತರು. ಮೇಜಿನ ಮೇಲಿನ ಪೊಟ್ಟಣ ನೋಡಿದರು, ಅವರನ್ನು ನೋಡಿದರು, ಮತ್ತೆ ಪೊಟ್ಟಣ ನೋಡಿದರು.

“ಏ ಸಿದ್ದು, ಕಂಪ್ಯೂಟರಿನ್ಯಾಗ ಮಾಡಿದ್ದು ಅಂದಿದ್ದ್ಯಲ್ಲ? ಕಂಪ್ಯೂಟರು ಮಲ್ಲಿಗಿ ಮುಡ್ಕೊಂಡು ಬಂದೈತಿ ನೋಡು ಇಲ್ಲಿ!”

ಸಿದ್ಧಲಿಂಗೇಶನ ಕಿವಿ ಕೆಂಪಾಯಿತು. “ಅಪ್ಪಾಜಿ, ಹೆಚ್ಚಿನದು ಕಂಪ್ಯೂಟರೇ. ಆದ್ರ ಮುಖ... ನಮ್ಮ ಅಂಗಡ್ಯಾಗ ಈ ಆಂಟಿ ಪುಕ್ಕಟೆ ಮೈಸೂರುಪಾಕಿನ ರುಚಿ ನೋಡೋವಾಗ ನಾನು ಒಂದು ಫೋಟೋ ತೆಗೀಲಾ ಅಂತ ಕೇಳಿದ್ದೆ. ಹೂಂ ಅಂದಿದ್ರು. ಅಷ್ಟು ಚಂದ ನಗು ಕಂಪ್ಯೂಟರಿಗೆ ಬರಲಿಲ್ಲ.”

“ಗೋಡೆಗೆ ಹಾಕೋಕೆ ಅಂತ ತಿಳಿದಿದ್ದೆ,” ಎಂದರು ಗೋದಾಬಾಯಿ ಸಂತೋಷದಿಂದ. “ಪುಡಿ ಮೇಲೆ ಹಾಕಿದ್ದಕ್ಕೂ ನನ್ನ ಆಕ್ಷೇಪಣೆ ಇಲ್ಲ. ಹರಿ, ಹೇಳು, ಜನ ಏನಂದ್ರು?”

ಹರಿದಾಸನ ಎದುರಿಗೆ ಮಾಲೀಕ, ಎಡಕ್ಕೆ ಮಾಲೀಕನ ಮಗ, ಬಲಕ್ಕೆ ಮಾಮಿ, ಒಳಗೆ ಮೂರು ಸಾರು. ಚೆನ್ನಾಗಿದೆ ಎಂದರೆ ಪೊಟ್ಟಣ ಅಂಗಡಿಗೆ ಹೋಗುತ್ತದೆ, ಒಳಗೆ ಮಾಮಿಯ ಪುಡಿಯೂ ಹೋಗಬಹುದು, ಆಮೇಲೆ ಊರಿನ ಗತಿ ದೇವರೇ ಬಲ್ಲ. ಚೆನ್ನಾಗಿಲ್ಲ ಎಂದರೆ ಮಣಲಿ. ಆದರೆ ಅವತ್ತು ಅಮ್ಮನಿಗೆ ಒಂದು ನಿಜ ಹೇಳಿ ಬಂದ ನಾಲಿಗೆ ಅದು; ಸುಳ್ಳಿಗೆ ಹೊರಳಲಿಲ್ಲ.

“ಸಾರ್, ಮುಖ ಚೆನ್ನಾಗಿದೆ. ಆದರೆ ಸಾರಿನ ಪುಡಿಗೆ ಯಾರ ಮುಖವೂ ಬೇಡ,” ಎಂದ. “ಅಕ್ಕಿ ಕೊಳ್ಳುವಾಗ ಯಾರಿಗೂ ಯಾರ ನೆನಪೂ ಆಗಲ್ಲ. ಸಾರು ಹಾಗಲ್ಲ. ಒಬ್ಬೊಬ್ಬರಿಗೂ ಅವರ ಮನೇದೇ ಸಾರು. ಬೇರೆ ಅಜ್ಜಿಯ ಮುಖ ಕಂಡರೆ ‘ನಮ್ಮನೇದು ಹೀಗಿರಲ್ಲ’ ಅಂತ ಕೈ ಹಿಂದೆ ಹೋಗತ್ತೆ. ನಮ್ಮ ತಾಯಿಯೇ ಇವತ್ತು ಬೇರೆ ಮನೆ ಸಾರು ಚೆನ್ನಾಗಿದೆ ಅಂದಿದ್ದಕ್ಕೆ ಮುಖ ತಿರುಗಿಸಿಕೊಂಡು ಕೂತುಬಿಟ್ಟರು. ಮುಖ ತೆಗೆದು ಸಾರು ಕುದಿಸೋ ಒಂದು ಈಯದ ಚೊಂಬು ಹಾಕಿ, ಅದರಿಂದ ಹಬೆ ಬರ್ತಿರಲಿ. ನೋಡಿದವರು ಅವರವರ ಅಮ್ಮನನ್ನ ಅವರವರೇ ನೆನಸಿಕೊಳ್ತಾರೆ.”

ರೇವಣಸಿದ್ದಪ್ಪ ಮಗನ ಮುಖ ನೋಡಿದರು. ಸಿದ್ಧಲಿಂಗೇಶ್ ಗಲ್ಲ ಕೆರೆದುಕೊಂಡ. “ಅಪ್ಪಾಜಿ, ಅಂಕಲ್ ಹೇಳೋದು ಖರೇ ಅದ. ನಮ್ಮ ಅವ್ವನೂ ನಿನ್ನೆ ಇದನ್ನ ನೋಡಿ ‘ಯಾರೋ ಈಕಿ’ ಅಂದ್ರು.”

“ಹಂಗಾದ್ರ ಚೊಂಬು ಹಾಕ್ರಿ,” ಎಂದರು ಮಾಲೀಕರು.

ಹರಿದಾಸ ಗೆದ್ದಿದ್ದ. ಆದರೆ ಗೆಲುವನ್ನು ಅನುಭವಿಸಲು ಬಲಕ್ಕೆ ತಿರುಗಿದಾಗ ಗೋದಾಬಾಯಿ ಪೊಟ್ಟಣವನ್ನು ಮೆಲ್ಲಗೆ ಬೋರಲು ಹಾಕುತ್ತಿದ್ದರು. “ಪರವಾಯಿಲ್ಲೆ ಹರಿ,” ಎಂದರು. “ನನಗೆ ಧ್ವನಿಯೇ ಸರಿ. ಮುಖಕ್ಕೆ ಯೋಗ ಇಲ್ಲ.” ಮುಡಿಯ ಮಲ್ಲಿಗೆ ಕೂಡ ಒಮ್ಮೆಲೇ ಬಾಡಿದಂತೆ ಕಂಡಿತು. ಹರಿದಾಸನಿಗೆ ಸಮಾಧಾನದ ಮಾತು ಒಂದು ತುಟಿಗೆ ಬಂತು.

ಅದಕ್ಕೂ ಮೊದಲು ಹೊಟ್ಟೆ ಮಾತಾಡಿತು. ಹಳೆಯ ಲಾರಿ ಫ್ಲೈಓವರ್ ಹತ್ತುವಂಥ ಶಬ್ದ. ಹರಿದಾಸ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಮುದುಡಿದ. ಹುಬ್ಬು ಗಂಟಾಯಿತು, ಮೂಗು ಒಂದು ಕಡೆ, ಬಾಯಿ ಒಂದು ಕಡೆ ಹೋಯಿತು.

“ಅಯ್ಯೋ ಕಣ್ಣಾ, ಏನಾಯ್ತೋ?” ಗೋದಾಬಾಯಿ ಬೇಸರ ಮರೆತು ಎದ್ದೇಬಿಟ್ಟರು. ಮೇಜಿನ ಮೇಲಿದ್ದ ಮಾದರಿಗಳಲ್ಲಿ ಕಣ್ಣಾಡಿಸಿದರು. ಹೆಸರಿಲ್ಲದ ಒಂದು ಡಬ್ಬಿ ತೆರೆದು ಮೂಸಿದರು. ಶುಂಠಿ, ಓಮ, ಬೆಲ್ಲದ ವಾಸನೆ. ಹಬ್ಬದ ಎಣ್ಣೆ ತಿಂಡಿ ಅರಗಲೆಂದು ಈ ಊರಿನವರು ಬೆಳಿಗ್ಗೆ ಎದ್ದು ತಿನ್ನುವ ದೀಪಾವಳಿ ಲೇಹ್ಯ ಅದು. ಚಮಚದ ತುಂಬ ತೆಗೆದುಕೊಂಡು, ಒಂದು ಕೈಯಲ್ಲಿ ಹರಿದಾಸನ ಗಲ್ಲ ಹಿಡಿದು, “ಆ ಅನ್ನು,” ಎಂದರು.

ಚಮಚ ಬಾಯಿಗೆ ಹೋಗುವಾಗಲೇ ಚಳಕ್ ಎಂದಿತು. ಸಿದ್ಧಲಿಂಗೇಶ್ ಫೋನಿನಲ್ಲಿ ಫೋಟೋ ತೆಗೆದಿದ್ದ.

“ಅಪ್ಪಾಜಿ, ಇದನ್ನ ನೋಡ್ರಿ!”

ರೇವಣಸಿದ್ದಪ್ಪ ಫೋನನ್ನು ದೂರ ಹಿಡಿದು ನೋಡಿದರು. ಮರುಕ್ಷಣ ಮೇಜು ಗುದ್ದಿದರು. “ಇದ ನೋಡ್ರಿ ನಮಗ ಬೇಕಾಗಿದ್ದು! ಆರು ತಿಂಗಳಾತು, ಲೇಹ್ಯ ತಯಾರಾಗೇತಿ, ಪೊಟ್ಟಣಕ್ಕ ಚಿತ್ರ ಇಲ್ಲ. ಮಾಡೆಲ್ ಹುಡುಗುರು ಬಂದು ಹೊಟ್ಟಿ ಹಿಡ್ಕೊಂಡ್ರ ಡ್ಯಾನ್ಸ್ ಮಾಡಿದಂಗ ಕಾಣ್ತಿತ್ತು. ಹೊಟ್ಟಿನೋವಂದ್ರ ಇದು! ಇಂಥಾ ಮಾರಿ ರೊಕ್ಕ ಕೊಟ್ರೂ ಸಿಗಂಗಿಲ್ಲ. ಮತ್ತ ಆಯಿ ಕೈ ನೋಡ್ರಿ, ಎಷ್ಟು ಅಂತಃಕರಣ!”

“ನಾನೂ ಇರ್ತೀನಾ?” ಎಂದರು ಗೋದಾಬಾಯಿ.

“ನೀವ ಇರಬೇಕ್ರಿ ಆಯಿ. ನೀವಿಲ್ದ ಲೇಹ್ಯ ಯಾರು ಕೊಡ್ತಾರ?”

ಗೋದಾಬಾಯಿ ಸೆರಗು ಸರಿಮಾಡಿಕೊಂಡು ಕೂತರು. “ಸಾರಿಗಿಂತ ಇದೇ ಮೇಲು. ಸಾರು ಯಾರು ಬೇಕಾದ್ರೂ ಮಾಡ್ತಾರೆ. ಔಷಧ ಕೊಡೋಕೆ ಯೋಗ್ಯತೆ ಬೇಕು,” ಎಂದರು.

ಹರಿದಾಸ ಲೇಹ್ಯ ನುಂಗಿ ಕಷ್ಟಪಟ್ಟು ತಲೆಯೆತ್ತಿದ. “ಸಾರ್, ನಾನು ಪೊಟ್ಟಣ ಪರೀಕ್ಷೆ ಮಾಡೋನು. ನಾನೇ ಪೊಟ್ಟಣದ ಮೇಲೆ...”

“ಅದಕ್ಕ ನೋಡ್ರಿ, ನಿಮಗಿಂತ ತಿಳದವರು ಯಾರದಾರ? ಈ ಪೊಟ್ಟಣಕ್ಕ ನೀವ ಪೂರಾ ಜವಾಬ್ದಾರಿ. ನಿಮ್ಮ ಮಾರಿ ಸರಿಯಾಗಿ ಅಚ್ಚಾಗ್ತೈತೋ, ಡಬ್ಬಿ ಮುಚ್ಚಳ ಸರಿಯಾಗಿ ಕೂಡ್ತೈತೋ, ಮುಂದ ನಿಂತು ನೋಡ್ಕೋಬೇಕು.” ಮಾಲೀಕರು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. “ಲೇಹ್ಯ ತುಂಬೋದು ಮಣಲಿಯೊಳಗ. ದೀಪಾವಳಿ ಮುಗಿಯೋತನಕ ಅಲ್ಲೇ ಇರ್ರಿ. ಸೋಮವಾರದಿಂದನ ಶುರು ಮಾಡ್ರಿ.”

ಸಂಜೆ ಮನೆ ಸೇರಿದಾಗ ಹರಿದಾಸ ಸೋಫಾದ ಮೇಲೆ ಉರುಳಿಕೊಂಡ. ಹಿಂದೆಯೇ ಬಂದ ಗೋದಾಬಾಯಿ ನಡೆದದ್ದನ್ನೆಲ್ಲ ಹಳೆಯ ಎಕ್ಸ್‌ಚೇಂಜಿನ ಧ್ವನಿಯಲ್ಲಿ ಹೇಳುತ್ತಿದ್ದರು. ಆ ಧ್ವನಿಗೆ ನಾಗರಾಜರೂ ಇಳಿದು ಬಂದರು. ಲೇಹ್ಯಕ್ಕಾದರೂ ಇಬ್ಬರ ಸಹಿ ಪಡೆದಿದ್ದಾರೆಯೇ ಎಂದು ಕೇಳಿ ಕುರ್ಚಿ ಎಳೆದುಕೊಂಡು ಕೂತರು. ಮಾದರಿ ಪೊಟ್ಟಣದ ಚಿತ್ರ ಸಿದ್ಧಲಿಂಗೇಶನಿಂದ ಆಗಲೇ ಹರಿದಾಸನ ಫೋನಿಗೆ ಬಂದಿತ್ತು. ವೃಂದಾ ಅದನ್ನು ಅಜ್ಜಿಯ ಕೈಗೆ ಕೊಟ್ಟಳು.

ಭೀಮಾಬಾಯಿ ಕನ್ನಡಕ ಏರಿಸಿ ನೋಡಿದರು. ಮಗನ ಗಲ್ಲದ ಮೇಲೆ ಗೋದಾಬಾಯಿಯ ಕೈ.

“ಕೈ ಇರಲಿ ಬಿಡು,” ಎಂದರು ಭೀಮಾಬಾಯಿ ಉದಾರವಾಗಿ. “ಹೊಟ್ಟೆ ಕೆಡಿಸಿದವಳೇ ಔಷಧ ಕೊಡೋದು ನ್ಯಾಯ. ಆದರೆ ನನಗೆ ಒಂದು ಅರ್ಥ ಆಗಲಿಲ್ಲ. ಇವನ ಈ ಮುಖ ಇದೆಯಲ್ಲ, ಇದು ಲೇಹ್ಯ ತಿನ್ನೋಕೆ ಮುಂಚಿನ ಮುಖವಾ, ತಿಂದ ಮೇಲಿನ ಮುಖವಾ?”

ಹರಿದಾಸ ಎದ್ದು ಕೂತ. ಫೋನು ತೆಗೆದುಕೊಂಡು ನೋಡಿದ. ಇಷ್ಟು ವರ್ಷ ಪೊಟ್ಟಣಗಳನ್ನು ಪರೀಕ್ಷಿಸಿದವನಿಗೆ ಇದು ಹೊಳೆದಿರಲಿಲ್ಲ. ಬಾಯಲ್ಲಿ ಚಮಚವಿದೆ, ಮುಖ ಹರಳೆಣ್ಣೆ ಕುಡಿದ ಹಾಗಿದೆ. ಅಂಗಡಿಯಲ್ಲಿ ನೋಡಿದವರು, ಈ ಲೇಹ್ಯ ತಿಂದೇ ಈ ಗತಿಯಾಯಿತು ಎಂದುಕೊಳ್ಳುವುದು ಖಂಡಿತ.

ತಕ್ಷಣ ಮಾಲೀಕರಿಗೆ ಫೋನು ಮಾಡಿ ಹೇಳಿದ. “ಹೌದಲ್ರೀ!” ಎಂದರು ರೇವಣಸಿದ್ದಪ್ಪ. “ನಿಮ್ಮ ತಾಯಿಯವರು ನಿಮಗಿಂತ ಚುರುಕು ಅದಾರ. ಒಂದು ಕೆಲಸ ಮಾಡ್ರಿ. ತಿಂದ ಮ್ಯಾಲಿನ ಮಾರಿದೊಂದು ಫೋಟೋ ಈಗ ಕಳಸ್ರಿ. ಬಾಜೂಕ ಬಾಜೂಕ ಹಾಕೋಣ. ನಗ್ತಾ ಇರಬೇಕು ಮತ್ತ, ಹೊಟ್ಟಿ ಹಗುರಾದವರ ನಗು.”

ಹರಿದಾಸನನ್ನು ದೀಪದ ಕೆಳಗೆ ಕುರ್ಚಿಯಲ್ಲಿ ಕೂರಿಸಿದರು. ರಂಜನಿ ಫೋನು ಹಿಡಿದಳು. ಅವನು ನಕ್ಕ.

“ಇದು ಹಲ್ಲುನೋವು,” ಎಂದಳು ರಂಜನಿ.

ಇನ್ನೊಮ್ಮೆ ನಕ್ಕ.

“ಇದು ಸಾಲ ಕೇಳೋರ ನಗು,” ಎಂದರು ನಾಗರಾಜ.

ಮತ್ತೊಮ್ಮೆ, ಮಣಲಿಯನ್ನು ಮರೆತು, ಕೆನ್ನೆಯ ಎರಡೂ ಕಡೆ ಸಮನಾಗಿ ಎಳೆದು ನಕ್ಕ.

“ಅಪ್ಪಾ, ವೇಣ್ಡಾಂ ಪಾ, ಬಯಮಾ ಇರುಕ್ಕು,” ಎಂದು ವೃಂದಾ ಹೆದರಿ ಕಣ್ಣು ಮುಚ್ಚಿಕೊಂಡಳು.

“ಶುಮ್ಮಾ ಅವನನ್ನ ಯಾಕೆ ಪೀಡಿಸ್ತೀರಿ?” ಎಂದರು ಭೀಮಾಬಾಯಿ. “ಇವರಪ್ಪನೂ ಹೀಗೇ ಇದ್ದರು. ನಮ್ಮ ಮದುವೆ ಫೋಟೋ ತೆಗೆಯೋನು ‘ನಗಿ ಸಾರ್, ನಗಿ ಸಾರ್’ ಅಂತ ಬೇಡಿ ಬೇಡಿ, ಕೊನೆಗೆ ನಮ್ಮ ತಂದೆ ಹತ್ರ ಹೋಗಿ ‘ಹುಡುಗನಿಗೆ ಈ ಸಂಬಂಧ ಒಪ್ಪಿಗೆ ಇದೆ ತಾನೇ? ಇನ್ನೊಂದು ಸಲ ಕೇಳಿಬಿಡಿ’ ಅಂದ.”

ಗೋದಾಬಾಯಿ ಹಲ್ಲಿನ ಸೆಟ್ಟು ಜಾರುವ ಹಾಗೆ ನಕ್ಕರು. ನಾಗರಾಜ ಕುರ್ಚಿಯ ಸಮೇತ ಅಲ್ಲಾಡಿದರು. ಹರಿದಾಸನಿಗೆ ಕಣ್ಣ ಮುಂದೆ ಗೋಡೆಯ ಮೇಲಿನ ಆ ಹಳೆಯ ಫೋಟೋ ಬಂತು, ಬಾಸಿಂಗ ಕಟ್ಟಿಕೊಂಡು ಜಪ್ತಿಗೆ ಬಂದವರನ್ನು ನೋಡುವ ಹಾಗೆ ನೋಡುತ್ತಿದ್ದ ಅಪ್ಪ ಬಂದರು. ಅವನಿಗೆ ತಡೆಯಲಾಗಲಿಲ್ಲ. ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ, ಆಮೇಲೆ ತಲೆ ಹಿಂದಕ್ಕೆ ವಾಲಿತು. ಅವನು ಹೋ ಎಂದು, ಮನೆ ತುಂಬುವ ಹಾಗೆ, ಚಿಕ್ಕ ಹುಡುಗನಂತೆ ನಕ್ಕ. ಹೊಟ್ಟೆನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಯಾವ ಲೇಹ್ಯದ ಪೊಟ್ಟಣವೂ ಅಂಥ ನಗುವನ್ನು ಕಂಡಿರಲಿಲ್ಲ.

ಆದರೆ ಆ ನಗುವಿನ ಫೋಟೋ ಸಿಕ್ಕಲಿಲ್ಲ. ಫೋಟೋ ತೆಗೆಯಬೇಕಾಗಿದ್ದ ರಂಜನಿ ಫೋನನ್ನು ಮಡಿಲಲ್ಲಿ ಹಾಕಿಕೊಂಡು, ಅತ್ತೆಯ ಹೆಗಲಿಗೆ ತಲೆಯಾನಿಸಿ, ಬಿದ್ದು ಬಿದ್ದು ನಗುತ್ತಿದ್ದಳು.